ರಕ್ತ ಹರಿಯಬೇಕು, ಸೋರಬಾರದು

ಬೊಜ್ಜು ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಲಗಿರುವ ರೋಗಿಯ ಔಷಧಿ ಚೀಟಿಯನ್ನು ಓದಿದವರಿಗೆ ಒಂದು ಅನುಮಾನ ಮೂಡುವುದು ಸಹಜ. ರಕ್ತ ಹೆಪ್ಪುಗಟ್ಟದಿರಲಿ ಎಂದು ಅದರಲ್ಲಿ ಒಂದು ಚುಚ್ಚುಮದ್ದು ಬರೆದಿರುತ್ತದೆ. ಕಟ್ಟಿದ ಹೆಪ್ಪು ಕರಗದಿರಲಿ ಎಂದು ಕೆಲವೊಮ್ಮೆ ಅದೇ ರೋಗಿಗೆ ಇನ್ನೊಂದು ಚುಚ್ಚುಮದ್ದು ಇರುತ್ತದೆ. ಒಂದೇ ದೇಹಕ್ಕೆ ಹೀಗೆ ಎರಡು ವಿರುದ್ಧ ಆಜ್ಞೆಗಳೇ? ವೈದ್ಯರಿಗೆ ಮರೆವೇ?

ಮರೆವಲ್ಲ. ಅತ್ತ ದರಿ, ಇತ್ತ ಪುಲಿ ಎಂಬಂಥ ಪರಿಸ್ಥಿತಿ ಅದು. ಶಸ್ತ್ರಚಿಕಿತ್ಸೆಯ ಗಾಯದಿಂದ ರಕ್ತ ಸೋರಿದರೆ ಅಪಾಯ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗರಣೆ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಇನ್ನೂ ದೊಡ್ಡ ಅಪಾಯ. ಇವೆರಡರ ನಡುವಿನ ಕಿರಿದಾದ ಹಾದಿಯಲ್ಲಿ ರೋಗಿಯನ್ನು ದಾಟಿಸುವುದು ಹೇಗೆ? ಈ ಪ್ರಶ್ನೆಯ ಹಿಂದೆ ಪ್ರೌಢಶಾಲೆಯ ಜೀವಶಾಸ್ತ್ರವಿದೆ, ಒಂದಷ್ಟು ರಸಾಯನಶಾಸ್ತ್ರವಿದೆ, ಸ್ವಲ್ಪ ಗಣಿತವಿದೆ. ಜೊತೆಗೆ, ತಾನು ಕಂಡುಹಿಡಿದ ಮದ್ದನ್ನು ಜಗತ್ತು ಒಪ್ಪಲೆಂದು ಸುಮಾರು ಅರ್ಧ ಶತಮಾನ ಕಾದ ಜಪಾನಿನ ಮಹಿಳೆಯೊಬ್ಬಳ ಕಥೆಯೂ ಇದೆ.

ಜಠರಕ್ಕೆ ಕತ್ತರಿ

ಬೊಜ್ಜನ್ನು ಅಳೆಯಲು ವೈದ್ಯರು ಬಳಸುವುದು ಒಂದು ಸರಳ ಲೆಕ್ಕ. ಕಿಲೋಗ್ರಾಂಗಳಲ್ಲಿ ತೂಕವನ್ನು ತೆಗೆದುಕೊಂಡು, ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. ಬಂದ ಉತ್ತರವೇ ಬಿಎಂಐ. 1.65 ಮೀಟರ್ ಎತ್ತರದ ವ್ಯಕ್ತಿಯ ತೂಕ 109 ಕಿಲೋ ಇದ್ದರೆ, 1.65ರ ವರ್ಗ 2.72, ಭಾಗಿಸಿದಾಗ ಸುಮಾರು 40 ಬರುತ್ತದೆ. ಬಿಎಂಐ 35 ದಾಟಿದವರಿಗೆ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದು ಎಂದು ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೊಜ್ಜು ಶಸ್ತ್ರವೈದ್ಯರ ಸಂಘಗಳು 2022ರಲ್ಲಿ ಹೇಳಿವೆ. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಹೃದ್ರೋಗ ಅಂಟಿಕೊಳ್ಳುವುದರಿಂದ ಅವರ ಮಟ್ಟಿಗೆ ಈ ಮಿತಿ 27.5. ಆದರೆ ಇದು ಅಂದ ಹೆಚ್ಚಿಸುವ ಚಿಕಿತ್ಸೆಯಲ್ಲ. ಆಹಾರ, ವ್ಯಾಯಾಮ, ಔಷಧಿಗಳಿಂದ ಸಾಕಷ್ಟು ಪ್ರಯೋಜನ ಸಿಗದವರಿಗಾಗಿ ಇರುವ ಚಿಕಿತ್ಸೆ.

ಇದರಲ್ಲಿ ಎರಡು ವಿಧಾನಗಳು ಹೆಚ್ಚು ಪ್ರಚಲಿತ. ಮೊದಲನೆಯದು ಬೈಪಾಸ್. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಇದನ್ನು ಆರಂಭಿಸಿದರು. ಇಂದಿನ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲವನ್ನು ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡನೆಯದು ಸ್ಲೀವ್, ಎಂದರೆ ತೋಳು. ಜಠರದ ಹೊರಬಾಗಿನ ಕಡೆಯ ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದರೆ, ಉಳಿಯುವುದು ಅಂಗಿಯ ತೋಳಿನಂಥ ಒಂದು ಕಿರಿದಾದ ಕೊಳವೆ. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೂ ಕತ್ತರಿಸಿದ ಕಡೆಗೇ ಸೇರಿ ಹೋಗುತ್ತದೆ.

ಕತ್ತರಿಸುವುದಕ್ಕೂ ಹೊಲಿಯುವುದಕ್ಕೂ ಒಂದೇ ಉಪಕರಣ: ಸ್ಟೇಪ್ಲರ್. ಹಾಳೆಗಳಿಗೆ ಪಿನ್ನು ಒತ್ತುವ ಸ್ಟೇಪ್ಲರಿನದೇ ತತ್ವ. 1908ರಲ್ಲಿ ಹಂಗೇರಿಯ ಶಸ್ತ್ರವೈದ್ಯ ಹ್ಯೂಮರ್ ಹ್ಯೂಲ್ಟ್ಲ್ ಮೊದಲು ಬಳಕೆಗೆ ತಂದ ಈ ಉಪಕರಣ ಇಂದು ಬಹಳ ಸುಧಾರಿಸಿದೆ. ಅದನ್ನು ಒಮ್ಮೆ ಒತ್ತಿದರೆ ಟೈಟಾನಿಯಂ ಲೋಹದ ಸಣ್ಣ ಸಣ್ಣ ಪಿನ್ನುಗಳು ಸಾಲಾಗಿ ಚುಚ್ಚಿಕೊಳ್ಳುತ್ತವೆ. ಸಾಲುಗಳ ನಡುವೆ ಒಂದು ಅಲಗು ಹಾದು ಅಂಗಾಂಶವನ್ನು ಸೀಳುತ್ತದೆ. ಮಡಿಚಿದ ಪಿನ್ನು ಇಂಗ್ಲಿಷಿನ ಬಿ ಅಕ್ಷರದ ಆಕಾರ ತಾಳುತ್ತದೆ. ಆ ಆಕಾರಕ್ಕೆ ಕಾರಣವಿದೆ. ಪಿನ್ನು ತೀರ ಬಿಗಿಯಾದರೆ ಅಂಚಿಗೆ ರಕ್ತ ತಲುಪದೆ ಅಂಗಾಂಶ ಸಾಯುತ್ತದೆ, ಜಠರದ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಬಿ ಅಕ್ಷರದ ಎರಡು ಕಿಂಡಿಗಳಲ್ಲಿ ಸ್ವಲ್ಪ ರಕ್ತ ಹರಿಯಲು ಬಿಡಲೇಬೇಕು. ಜಠರವೋ ರಕ್ತನಾಳಗಳು ದಟ್ಟವಾಗಿರುವ ಅಂಗ. ಸ್ಲೀವ್ ವಿಧಾನದಲ್ಲಿ ಪಿನ್ನಿನ ಸಾಲು ಒಂದು ಗೇಣಿಗೆ ಕಡಿಮೆಯಿಲ್ಲ. ಅಷ್ಟು ಉದ್ದದ ಅಂಚಿನಲ್ಲಿ ಎಲ್ಲಾದರೂ ಒಂದು ಕಡೆ ಒಸರು ನಿಲ್ಲದಿದ್ದರೆ?

100 ಮಂದಿಯಲ್ಲಿ ಸಾಮಾನ್ಯವಾಗಿ 1ರಿಂದ 4 ಮಂದಿಗೆ ಶಸ್ತ್ರಚಿಕಿತ್ಸೆಯ ನಂತರ ಗಮನಾರ್ಹ ರಕ್ತಸ್ರಾವವಾಗುತ್ತದೆ. ಹೆಚ್ಚಿನವು ಮೊದಲ ಒಂದೆರಡು ದಿನಗಳಲ್ಲೇ ಕಾಣಿಸಿಕೊಳ್ಳುತ್ತವೆ. ಈ ರಕ್ತಸ್ರಾವ ಹೊರಗಿನಿಂದ ನೋಡುವವರ ಕಣ್ಣಿಗೆ ಕಾಣದು. ರಕ್ತ ಹೊಟ್ಟೆಯೊಳಗೋ ಜಠರದೊಳಗೋ ಸೋರುತ್ತಿರುತ್ತದೆ. ವಯಸ್ಕರ ದೇಹದಲ್ಲಿರುವುದು ಸುಮಾರು 5 ಲೀಟರ್ ರಕ್ತ. ಮುಕ್ಕಾಲು ಲೀಟರ್ ಕಳೆದುಕೊಂಡರೂ ರಕ್ತದೊತ್ತಡ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಅದನ್ನು ಮೀರಿದಾಗ ಮೊದಲು ಏರುವುದು ನಾಡಿ. ನಿಮಿಷಕ್ಕೆ 100 ದಾಟಿದ ನಾಡಿ ಇಳಿಯದೆ ನಿಂತರೆ ವೈದ್ಯರ ಕಿವಿ ನೆಟ್ಟಗಾಗುವುದು ಅದಕ್ಕೇ.

ಹೆಪ್ಪು ಕಟ್ಟುವ ಕಲೆ

ಆಟವಾಡುವಾಗ ಮೊಣಕಾಲು ತರಚಿಕೊಂಡ ಹುಡುಗನ ಗಾಯ ಕೆಲವು ನಿಮಿಷಗಳಲ್ಲಿ ತಾನಾಗಿ ಒಣಗುತ್ತದೆ. ಈ ಸಾಮಾನ್ಯ ಸಂಗತಿಯ ಹಿಂದೆ ಅಸಾಮಾನ್ಯ ವ್ಯವಸ್ಥೆಯಿದೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಕಿರುತಟ್ಟೆಗಳಿರುತ್ತವೆ. ರಕ್ತನಾಳ ಹರಿದೊಡನೆ ಅವು ಓಡಿ ಬಂದು, ಒಂದಕ್ಕೊಂದು ಅಂಟಿಕೊಂಡು ತೂತಿಗೆ ಬೆಣೆ ಹೊಡೆಯುತ್ತವೆ. ಆದರೆ ಅದು ತಾತ್ಕಾಲಿಕ. ಕೆರೆ ಏರಿ ಒಡೆದಾಗ ಜನ ಮೊದಲು ಕೈಗೆ ಸಿಕ್ಕಿದ ಕಲ್ಲು, ಮಣ್ಣು ತುಂಬುವುದಿಲ್ಲವೇ? ಹಾಗೆ.

ಗಟ್ಟಿ ಕೆಲಸ ನಂತರದ್ದು. ರಕ್ತದಲ್ಲಿ ಕರಗಿರುವ ಪ್ರೋಟೀನುಗಳು ಒಂದು ಇನ್ನೊಂದನ್ನು, ಅದು ಮತ್ತೊಂದನ್ನು ಎಬ್ಬಿಸುತ್ತಾ ಹೋಗುತ್ತವೆ. ಕೊನೆಗೆ ಎಚ್ಚರಗೊಳ್ಳುವ ಥ್ರಾಂಬಿನ್ ಎಂಬ ಕಿಣ್ವ, ಫೈಬ್ರಿನೋಜನ್ ಎಂಬ ಕರಗಿದ ಪ್ರೋಟೀನನ್ನು ಫೈಬ್ರಿನ್ ಎಂಬ ನಾರಾಗಿ ಬದಲಾಯಿಸುತ್ತದೆ. ನಾರುಗಳು ಬಲೆಯಂತೆ ಹೆಣೆದುಕೊಂಡು ರಕ್ತಕಣಗಳನ್ನು ಹಿಡಿದಿಡುತ್ತವೆ. ಇದೇ ಹೆಪ್ಪು.

ಈ ಸರಪಳಿಯ ಮಹತ್ವ ನಮ್ಮ ಹಳ್ಳಿಗಾಡಿನ ವೈದ್ಯರಿಗೆ ಚೆನ್ನಾಗಿ ಗೊತ್ತು. ಕೊಳಕುಮಂಡಲದ ವಿಷ ರಕ್ತದಲ್ಲಿ ಇದೇ ಸರಪಳಿಯನ್ನು ಅಕಾಲದಲ್ಲಿ ಎಬ್ಬಿಸುತ್ತದೆ. ಹೆಪ್ಪಿನ ಸಾಮಗ್ರಿಯೆಲ್ಲ ವೃಥಾ ಖರ್ಚಾಗಿ, ಬೇಕಾದಾಗ ಹೆಪ್ಪುಗಟ್ಟಲು ಏನೂ ಉಳಿಯುವುದಿಲ್ಲ. ಹಾವು ಕಚ್ಚಿದವರ ರಕ್ತವನ್ನು ಶುಭ್ರವಾದ ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಅನಂತರ ಓರೆ ಮಾಡಿ ನೋಡುತ್ತಾರೆ. ರಕ್ತ ನೀರಿನಂತೆ ಹರಿದರೆ ವಿಷ ತನ್ನ ಕೆಲಸ ಮಾಡಿದೆ ಎಂದರ್ಥ. ವಿಚಿತ್ರವೆಂದರೆ, 1934ರಲ್ಲಿ ಲಂಡನ್ನಿನಲ್ಲಿ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಎಂಬ ವೈದ್ಯರು ಇದೇ ವಿಷವನ್ನು ಬಹಳ ತೆಳುವಾಗಿಸಿ, ರಕ್ತಸ್ರಾವ ನಿಲ್ಲಿಸುವ ಲೇಪವಾಗಿ ಬಳಸಬಹುದೆಂದು ತೋರಿಸಿದ್ದರು. ವಿಷವೂ ಮದ್ದೂ ಒಂದೇ ವಸ್ತು. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ ಮತ್ತು ಸ್ಥಳದಲ್ಲಿ.

ಕಟ್ಟಿದ್ದನ್ನು ಬಿಚ್ಚುವ ಕಿಣ್ವ

ಕಟ್ಟಿದ ಹೆಪ್ಪು ಹಾಗೆಯೇ ಉಳಿದರೆ ರಕ್ತನಾಳಗಳೆಲ್ಲ ಮುಚ್ಚಿಹೋದಾವು. ಅದಕ್ಕಾಗಿ ದೇಹ ಬಿಚ್ಚುವ ಕೆಲಸಗಾರನನ್ನೂ ಇಟ್ಟುಕೊಂಡಿದೆ. ಅದರ ಹೆಸರು ಪ್ಲಾಸ್ಮಿನ್. ನಿದ್ರಾವಸ್ಥೆಯಲ್ಲಿರುವಾಗ ಅದು ಪ್ಲಾಸ್ಮಿನೋಜನ್. ಅದು ಫೈಬ್ರಿನ್ ನಾರಿನ ಮೇಲಿರುವ ಲೈಸೀನ್ ಎಂಬ ಅಮೈನೋ ಆಮ್ಲದ ತುಣುಕುಗಳನ್ನು ಹಿಡಿದುಕೊಂಡು ನಾರಿನ ಮೇಲೆ ಕೂರುತ್ತದೆ. ಅಲ್ಲಿಯೇ ಎಚ್ಚರಗೊಂಡು ಪ್ಲಾಸ್ಮಿನ್ ಆಗಿ ನಾರನ್ನು ತುಂಡರಿಸುತ್ತದೆ. ಮರ ಹತ್ತಲು ಕೊಂಬೆ ಹಿಡಿದಂತೆ, ಈ ಕಿಣ್ವಕ್ಕೆ ಲೈಸೀನ್ ಹಿಡಿಕೆ ಬೇಕೇ ಬೇಕು.

ಲೈಸೀನ್ ನಮಗೆ ಅಪರಿಚಿತವೇನಲ್ಲ. ಅಕ್ಕಿಯಲ್ಲಿ ಅದು ಕಡಿಮೆ, ಬೇಳೆಯಲ್ಲಿ ಹೆಚ್ಚು. ಅನ್ನದ ಜೊತೆ ಬೇಳೆ ಸಾರು ಉಣ್ಣುವ ನಮ್ಮ ಪದ್ಧತಿ ಆ ಕೊರತೆಯನ್ನು ತುಂಬುತ್ತದೆ. ಹಾಗೆಂದು ಬೇಳೆ ತಿಂದರೆ ರಕ್ತಸ್ರಾವ ನಿಲ್ಲುವುದಿಲ್ಲ. ಬೇಕಾದದ್ದು ಲೈಸೀನಿನ ವೇಷ ತೊಟ್ಟು, ಕಿಣ್ವದ ಹಿಡಿತದೊಳಗೆ ಬಿಗಿಯಾಗಿ ಸಿಕ್ಕಿಕೊಳ್ಳುವ ಒಂದು ಅಣು. ಬೀಗದ ಕಿಂಡಿಯಲ್ಲಿ ಕಳ್ಳ ಬೀಗದ ಕೈ ತುರುಕಿದರೆ ಅಸಲಿ ಬೀಗದ ಕೈ ಒಳಗೆ ಹೋಗದು. ಅಂಥ ಅಣು ಸಿಕ್ಕರೆ ಕಿಣ್ವಕ್ಕೆ ನಾರನ್ನು ಹಿಡಿಯಲಾಗದು, ಹೆಪ್ಪು ಉಳಿಯುತ್ತದೆ.

ಬೆನ್ನಿಗೆ ಮಗು, ಕೈಯಲ್ಲಿ ಪ್ರಯೋಗ

ಆ ಅಣುವನ್ನು ಹುಡುಕಿದವರು ಶೋಸುಕೆ ಒಕಾಮೊಟೊ ಮತ್ತು ಉತಾಕೊ ಒಕಾಮೊಟೊ ದಂಪತಿ. ಎರಡನೆಯ ಮಹಾಯುದ್ಧದ ಸೋಲಿನಿಂದ ಜಪಾನು ನಲುಗಿದ್ದ ಕಾಲ. ಟೋಕಿಯೋದ ಕೆಯೊ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಹಣವಿಲ್ಲ, ಸಲಕರಣೆಗಳಿಲ್ಲ. ಇವರು ರಕ್ತವನ್ನು ಸಂಶೋಧನೆಯ ವಿಷಯವಾಗಿ ಆರಿಸಿಕೊಂಡದ್ದರ ಹಿಂದೆ ಒಂದು ಬಡತನದ ಜಾಣ್ಮೆಯೂ ಇತ್ತು: ಬೇರೆ ರಕ್ತ ಸಿಗದಿದ್ದರೆ ತಮ್ಮದೇ ರಕ್ತವನ್ನು ತೆಗೆದು ಬಳಸಬಹುದಲ್ಲ! ಮಗುವನ್ನು ನೋಡಿಕೊಳ್ಳುವವರಿಲ್ಲದೆ, ಉತಾಕೊ ಮಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಹೆಂಗಸರು ವಿಜ್ಞಾನಿಗಳಾಗುವುದನ್ನು ಗೌರವದಿಂದ ಕಾಣದ ಕಾಲ ಅದು. ಸಮ್ಮೇಳನವೊಂದರಲ್ಲಿ ಪ್ರಬಂಧ ಮಂಡಿಸಲು ನಿಂತ ಆಕೆಯನ್ನು ಸಭೆಯಲ್ಲಿದ್ದ ಗಂಡಸರು, ನೃತ್ಯ ಮಾಡಲು ಬಂದಿದ್ದೀರಾ ಎಂದು ಕುಚೋದ್ಯ ಮಾಡಿದ್ದುಂಟು.

ದಂಪತಿ ಮೊದಲು ಪರಿಶೀಲಿಸಿದ್ದು ಎಪ್ಸಿಲಾನ್ ಅಮೈನೋಕೆಪ್ರೋಯಿಕ್ ಆಮ್ಲವನ್ನು. ಅದು ಲೈಸೀನಿನ ರಚನೆಯನ್ನು ಹೋಲುವ ವಸ್ತು. ಕೆಲಸ ಮಾಡಿತು, ಆದರೆ ಶಕ್ತಿ ಸಾಲದು. ಹುಡುಕಾಟ ಮುಂದುವರಿಯಿತು. 1962ರಲ್ಲಿ ಕೆಯೊ ವಿಶ್ವವಿದ್ಯಾಲಯದ ವೈದ್ಯಕೀಯ ಪತ್ರಿಕೆಯಲ್ಲಿ ಹೊಸ ಅಣುವಿನ ವರದಿ ಪ್ರಕಟವಾಯಿತು. ಮೊದಲನೆಯದಕ್ಕಿಂತ 27 ಪಟ್ಟು ಪ್ರಬಲವೆಂದು ಅವರು ಕಂಡುಕೊಂಡ ಆ ಅಣುವೇ ಟ್ರಾನೆಕ್ಸಾಮಿಕ್ ಆಮ್ಲ.

ಈ ಮದ್ದು ಹೊಸದಾಗಿ ಹೆಪ್ಪು ಕಟ್ಟಿಸುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇದು ಗೋಡೆ ಕಟ್ಟುವ ಗಾರೆಯಲ್ಲ. ಕಟ್ಟಿದ ಗೋಡೆಯನ್ನು ಕೆಡವಲು ಬಂದವನ ಕೈಗೆ ತೊಡಿಸಿದ ಬೇಡಿ.

ಹೆರಿಗೆಯ ನಂತರ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಈ ಔಷಧಿ ಉಳಿಸೀತೆಂದು ಉತಾಕೊ ನಂಬಿದ್ದರು. ಪ್ರಯೋಗ ಮಾಡಿ ನೋಡಿ ಎಂದು ಕೋಬೆ ನಗರದ ಪ್ರಸೂತಿ ವೈದ್ಯರ ಮನವೊಲಿಸಲು ಯತ್ನಿಸಿದರು. ಯಾರೂ ಒಪ್ಪಲಿಲ್ಲ. ಹಿತ್ತಲ ಗಿಡ ಮದ್ದಲ್ಲ! ಹಲ್ಲು ಕೀಳುವಾಗಿನ ರಕ್ತಸ್ರಾವ, ಮುಟ್ಟಿನ ಅತಿಸ್ರಾವ ಮುಂತಾದವುಗಳಿಗೆ ಔಷಧಿ ಬಳಕೆಯಾಯಿತು. ಪ್ರಾಣ ಹೋಗುವಂಥ ರಕ್ತಸ್ರಾವದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲು ದಶಕಗಳೇ ಹಿಡಿದವು.

ದೊಡ್ಡ ಪರೀಕ್ಷೆಗಳು

2010ರಲ್ಲಿ ಲಂಡನ್ನಿನ ಸಂಶೋಧಕರ ನೇತೃತ್ವದ ಕ್ರ್ಯಾಷ್-2 ಪ್ರಯೋಗದ ಫಲಿತಾಂಶ ಹೊರಬಿತ್ತು. ಅಪಘಾತ ಮೊದಲಾದವುಗಳಲ್ಲಿ ಗಾಯಗೊಂಡ 20,211 ಮಂದಿ, 40 ದೇಶಗಳ 274 ಆಸ್ಪತ್ರೆಗಳು. ಭಾರತದ ಆಸ್ಪತ್ರೆಗಳೂ ಇದರಲ್ಲಿ ಪಾಲ್ಗೊಂಡಿದ್ದವು. ಚೀಟಿ ಎತ್ತಿದಂತೆ ಅರ್ಧ ಮಂದಿಗೆ ಔಷಧಿ, ಉಳಿದರ್ಧ ಮಂದಿಗೆ ಅದರಂತೆಯೇ ಕಾಣುವ ಬರಿಯ ದ್ರವ. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಔಷಧಿ ಪಡೆಯದವರಲ್ಲಿ 100ಕ್ಕೆ 16 ಮಂದಿ ತೀರಿಕೊಂಡರೆ, ಪಡೆದವರಲ್ಲಿ 14.5. ವ್ಯತ್ಯಾಸ ಒಂದೂವರೆ. ಚಿಕ್ಕದೆನಿಸುತ್ತದೆ ಅಲ್ಲವೇ? ಸುಮಾರು 67 ಮಂದಿಗೆ ಈ ಅಗ್ಗದ ಔಷಧಿ ಕೊಟ್ಟರೆ ಒಂದು ಜೀವ ಉಳಿಯುತ್ತದೆ ಎಂಬುದು ಅದರ ಅರ್ಥ.

ಮುಂದಿನ ವರ್ಷ ಅದೇ ಅಂಕಿಅಂಶಗಳನ್ನು ಇನ್ನಷ್ಟು ಬಗೆದು ನೋಡಿದಾಗ ಒಂದು ಎಚ್ಚರಿಕೆಯೂ ಸಿಕ್ಕಿತು. ಗಾಯವಾದ 3 ಗಂಟೆಯೊಳಗೆ ಕೊಟ್ಟರೆ ಲಾಭ. ತಡವಾದರೆ ಲಾಭವಿಲ್ಲ, ಬದಲಿಗೆ ಹಾನಿಯಾಗುವಂತೆ ಕಂಡಿತು. ಮದ್ದಿಗೂ ಮುಹೂರ್ತವಿದೆ.

2017ರಲ್ಲಿ ಉತಾಕೊ ಅವರ ಹಳೆಯ ಕನಸಿಗೆ ಉತ್ತರ ಬಂತು. 21 ದೇಶಗಳ 20,060 ಬಾಣಂತಿಯರು ಭಾಗವಹಿಸಿದ್ದ ವುಮನ್ ಎಂಬ ಹೆಸರಿನ ಪ್ರಯೋಗ ಅದು. ಹೆರಿಗೆಯಾದ 3 ಗಂಟೆಯೊಳಗೆ ಔಷಧಿ ಪಡೆದವರಲ್ಲಿ ರಕ್ತಸ್ರಾವದ ಸಾವು 100ಕ್ಕೆ 1.7ರಿಂದ 1.2ಕ್ಕೆ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಬಾಣಂತಿಯರ ರಕ್ತಸ್ರಾವಕ್ಕೆ ಈ ಔಷಧಿಯನ್ನು ಶಿಫಾರಸು ಮಾಡಿತು. ಆದರೆ ಅದನ್ನು ಕೇಳಲು ಉತಾಕೊ ಇರಲಿಲ್ಲ. 2016ರ ಏಪ್ರಿಲ್‌ನಲ್ಲಿ, 98ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಿದ್ದರು.

ಶಸ್ತ್ರಚಿಕಿತ್ಸೆಯ ಸರದಿ 2022ರಲ್ಲಿ ಬಂತು. ಪಾಯ್ಸ್-3 ಪ್ರಯೋಗದಲ್ಲಿ, ಹೃದಯ ಬಿಟ್ಟು ಉಳಿದ ಅಂಗಗಳ ಶಸ್ತ್ರಚಿಕಿತ್ಸೆಗೆ ಒಳಗಾದ 9,535 ಮಂದಿ ಇದ್ದರು. ಗಂಭೀರ ರಕ್ತಸ್ರಾವ ಔಷಧಿಯಿಲ್ಲದವರಲ್ಲಿ 100ಕ್ಕೆ 11.7, ಔಷಧಿ ಪಡೆದವರಲ್ಲಿ 9.1. ಹೃದಯ ಮತ್ತು ರಕ್ತನಾಳಗಳ ತೊಂದರೆ ಅನುಕ್ರಮವಾಗಿ 13.9 ಮತ್ತು 14.2. ರಕ್ತಸ್ರಾವ ತಗ್ಗಿದ್ದು ನಿಜ. ಆದರೆ ಹೃದಯಕ್ಕೆ ಹೆಚ್ಚಿನ ಅಪಾಯವೇ ಇಲ್ಲ ಎಂದು ಖಚಿತವಾಗಿ ಸಾರುವಷ್ಟು ಸ್ಪಷ್ಟತೆ ಸಿಗಲಿಲ್ಲ.

ಬೊಜ್ಜಿನ ದೇಹದ ತೊಡಕು

ಹಾಗಾದರೆ ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಒಳಗಾಗುವ ಎಲ್ಲರಿಗೂ ಈ ಔಷಧಿ ಕೊಟ್ಟುಬಿಡಬಾರದೇಕೆ?

ಇಲ್ಲಿಯೇ ತೊಡಕು. ಕೊಬ್ಬಿನ ಅಂಗಾಂಶ ಸುಮ್ಮನೆ ಕುಳಿತ ಮೂಟೆಯಲ್ಲ. ಅದು ಪ್ಲಾಸ್ಮಿನ್ ತಯಾರಾಗದಂತೆ ತಡೆಯುವ ಪಿಎಐ-1 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಸ್ಥೂಲಕಾಯದವರಲ್ಲಿ ಫೈಬ್ರಿನೋಜನ್ ಕೂಡ ಹೆಚ್ಚಾಗಿರುತ್ತದೆ. ಎಂದರೆ, ಹೆಪ್ಪು ಕಟ್ಟುವ ಕಡೆಗೆ ಅವರ ರಕ್ತದ ತಕ್ಕಡಿ ಮೊದಲೇ ವಾಲಿದೆ. ಜೊತೆಗೆ ಆಪರೇಷನ್ ಮೇಜಿನ ಮೇಲೆ ಗಂಟೆಗಟ್ಟಲೆ ಅಲುಗದೆ ಮಲಗಿರಬೇಕು. ಕಾಲಿನ ಅಭಿಧಮನಿಗಳಲ್ಲಿ ರಕ್ತ ನಿಧಾನವಾಗುತ್ತದೆ, ಗರಣೆ ಕಟ್ಟುತ್ತದೆ. ಈ ಶಸ್ತ್ರಚಿಕಿತ್ಸೆಯ ನಂತರದ ಸಾವುಗಳಿಗೆ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಗರಣೆ ಒಂದು ಮುಖ್ಯ ಕಾರಣ.

ಅದನ್ನು ತಡೆಯಲು ಕೊಡುವ ಚುಚ್ಚುಮದ್ದೇ ಹೆಪಾರಿನ್, ಅಥವಾ ಅದರಿಂದ ಪಡೆದ ಎನಾಕ್ಸಪಾರಿನ್ ಮುಂತಾದವು. ಹೆಪಾರಿನ್ನಿನ ಹುಟ್ಟೂ ಒಂದು ತಮಾಷೆಯ ಕಥೆ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿ ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದ. ಅವನಿಗೆ ಸಿಕ್ಕಿದ್ದು ಹೆಪ್ಪುಗಟ್ಟದಂತೆ ಮಾಡುವ ವಸ್ತು! ಯಕೃತ್ತಿನಿಂದ ಬಂದದ್ದರಿಂದ, ಯಕೃತ್ತಿನ ಗ್ರೀಕ್ ಹೆಸರಿನ ಮೇಲೆ ಅದಕ್ಕೆ ಹೆಪಾರಿನ್ ಎಂದು ಹೆಸರಾಯಿತು.

ಹೆಪಾರಿನ್ ಕೊಟ್ಟರೆ ಗರಣೆಯ ಭಯ ಕಡಿಮೆ, ಪಿನ್ನಿನ ಸಾಲಿನಿಂದ ರಕ್ತ ಸೋರುವ ಭಯ ಹೆಚ್ಚು. ಟ್ರಾನೆಕ್ಸಾಮಿಕ್ ಆಮ್ಲ ಕೊಟ್ಟರೆ ಸೋರಿಕೆಯ ಭಯ ಕಡಿಮೆ, ಆದರೆ ಮೊದಲೇ ನಿಧಾನವಾಗಿರುವ ಪ್ಲಾಸ್ಮಿನ್ನಿಗೆ ಇನ್ನೊಂದು ಬೇಡಿ ತೊಡಿಸಿದಂತೆ. ಎರಡೂ ಔಷಧಿಗಳು ಸರಪಳಿಯ ಬೇರೆ ಬೇರೆ ಕೊಂಡಿಗಳಲ್ಲಿ ಕೆಲಸ ಮಾಡುವುದರಿಂದ ಒಂದು ಇನ್ನೊಂದನ್ನು ನೇರವಾಗಿ ಅಳಿಸಿಹಾಕುವುದಿಲ್ಲ. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಒಂದನ್ನು, ಗಾಯ ಸ್ವಲ್ಪ ಗಟ್ಟಿಯಾದ ಮೇಲೆ ಇನ್ನೊಂದನ್ನು ಕೊಡುವ ಉಪಾಯದ ಹಿಂದಿನ ತರ್ಕ ಇದು.

ಭಯಕ್ಕೆ ಆಧಾರವಿಲ್ಲದಿಲ್ಲ. 2020ರಲ್ಲಿ ಪ್ರಕಟವಾದ ಹಾಲ್ಟ್-ಐಟಿ ಪ್ರಯೋಗ ಜಠರ ಮತ್ತು ಕರುಳಿನ ತೀವ್ರ ರಕ್ತಸ್ರಾವದ 12,009 ರೋಗಿಗಳ ಮೇಲೆ ನಡೆದಿತ್ತು. ಇಡೀ ದಿನ ಟ್ರಾನೆಕ್ಸಾಮಿಕ್ ಆಮ್ಲ ಕೊಟ್ಟರೂ ಸಾವುಗಳು ಕಡಿಮೆಯಾಗಲಿಲ್ಲ. ಅಭಿಧಮನಿಗಳಲ್ಲಿ ಗರಣೆ ಮಾತ್ರ 100ಕ್ಕೆ 0.4ರಿಂದ 0.8ಕ್ಕೆ ಏರಿತು. ಅವರಲ್ಲಿ ಹಲವರಿಗೆ ಯಕೃತ್ತಿನ ಕಾಯಿಲೆಯಿತ್ತು; ಬೊಜ್ಜಿನ ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು. ಆದರೂ, ಒಂದು ಕಡೆ ಗೆದ್ದ ಮದ್ದು ಎಲ್ಲ ಕಡೆಯೂ ಗೆಲ್ಲುತ್ತದೆಂಬ ನಂಬಿಕೆಗೆ ಅದು ಕಡಿವಾಣ ಹಾಕಿತು.

ಇನ್ನೊಂದು ಉದಾಹರಣೆ ಅಪ್ರೊಟಿನಿನ್. ದನದ ಶ್ವಾಸಕೋಶದಿಂದ ತೆಗೆಯುವ ಈ ಔಷಧಿ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವವನ್ನು ಚೆನ್ನಾಗಿಯೇ ತಡೆಯುತ್ತಿತ್ತು. ಕೆನಡಾದಲ್ಲಿ ನಡೆದ ಬಾರ್ಟ್ ಪ್ರಯೋಗ ಅದನ್ನು ಒಕಾಮೊಟೊ ದಂಪತಿಯ ಎರಡೂ ಔಷಧಿಗಳ ಜೊತೆ ಹೋಲಿಸಿತು. ಅಪ್ರೊಟಿನಿನ್ ಪಡೆದವರಲ್ಲಿ ಒಂದು ತಿಂಗಳೊಳಗಿನ ಸಾವು 100ಕ್ಕೆ 6. ಉಳಿದೆರಡರಲ್ಲಿ 4ರ ಆಸುಪಾಸು. 2007ರಲ್ಲಿ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿ, ಔಷಧಿಯ ಮಾರಾಟವನ್ನೂ ತಡೆಹಿಡಿಯಲಾಯಿತು. 2012ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಆ ಲೆಕ್ಕಾಚಾರಗಳನ್ನು ಪ್ರಶ್ನಿಸಿ, ಸೀಮಿತ ಬಳಕೆಗೆ ಮತ್ತೆ ಒಪ್ಪಿಗೆಯ ಸಲಹೆ ನೀಡಿತು. ರಕ್ತ ನಿಂತಿತೇ ಎಂಬುದಷ್ಟೇ ಪ್ರಶ್ನೆಯಲ್ಲ, ರೋಗಿ ಉಳಿದನೇ ಎಂಬುದು ಪ್ರಶ್ನೆ ಎಂಬ ಪಾಠ ಇದರಲ್ಲಿದೆ.

ಗಣಿತ ಹೇಳುವ ಮಾತು

ಬೊಜ್ಜಿನ ಶಸ್ತ್ರಚಿಕಿತ್ಸೆಯಲ್ಲಿಯೂ ಟ್ರಾನೆಕ್ಸಾಮಿಕ್ ಆಮ್ಲದ ಪ್ರಯೋಗಗಳು ನಡೆದಿವೆ. ಪಿನ್ನಿನ ಸಾಲಿನಿಂದ ಒಸರುವ ರಕ್ತ ಕಡಿಮೆಯಾದುದನ್ನು ಕೆಲವು ಅಧ್ಯಯನಗಳು ಕಂಡಿವೆ. ಆದರೆ ಅಪರೂಪದ ದೊಡ್ಡ ರಕ್ತಸ್ರಾವವನ್ನು ಅದು ತಡೆಯುತ್ತದೆಯೇ, ಅಪರೂಪದ ಗರಣೆಯನ್ನು ಹೆಚ್ಚಿಸುತ್ತದೆಯೇ ಎಂದು ತೀರ್ಮಾನಿಸಲು ಚಿಕ್ಕ ಪ್ರಯೋಗಗಳು ಸಾಲವು. ಏಕೆ?

ಒಂದು ಲೆಕ್ಕ ನೋಡಿ. 100ರಲ್ಲಿ 2 ಮಂದಿಗೆ ರಕ್ತಸ್ರಾವವಾಗುತ್ತದೆ ಎಂದುಕೊಳ್ಳೋಣ. ಔಷಧಿ ಅದನ್ನು 1ಕ್ಕೆ ಇಳಿಸುತ್ತದೆ ಎಂದೂ ಇಟ್ಟುಕೊಳ್ಳೋಣ. ನೂರು ನೂರು ಮಂದಿಯ ಎರಡು ಗುಂಪು ಮಾಡಿದರೆ ಒಂದರಲ್ಲಿ 2, ಇನ್ನೊಂದರಲ್ಲಿ 1 ಬರಬಹುದು. ಆದರೆ ಅದೃಷ್ಟವಶಾತ್ 1 ಮತ್ತು 3 ಕೂಡ ಬಂದೀತು! ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಏಳು ಸಲ ತಲೆ ಬಿದ್ದರೆ ನಾಣ್ಯವೇ ಖೋಟಾ ಎನ್ನಲಾಗುತ್ತದೆಯೇ? ಸಂಖ್ಯಾಶಾಸ್ತ್ರದ ರೂಢಿಯ ಸೂತ್ರದಂತೆ, ಅದೃಷ್ಟದ ಪಾತ್ರವನ್ನು ಬದಿಗೊತ್ತಿ ಇಂಥ ವ್ಯತ್ಯಾಸವನ್ನು ಗುರುತಿಸಲು ಪ್ರತಿ ಗುಂಪಿನಲ್ಲೂ 2,300ರಷ್ಟು, ಒಟ್ಟು ಸುಮಾರು 4,600 ಮಂದಿ ಬೇಕು. ಗರಣೆಯಂಥ ಇನ್ನೂ ವಿರಳ ಅಪಾಯವನ್ನು ಅಳೆಯಲು ಅದಕ್ಕೂ ಹೆಚ್ಚು. ತರಗತಿಯಲ್ಲಿ ಶುಷ್ಕವೆನಿಸುವ ಸಂಭವನೀಯತೆಯ ಅಧ್ಯಾಯ ಆಸ್ಪತ್ರೆಯ ಹಾಸಿಗೆಯ ಬಳಿಗೆ ಬರುವುದು ಹೀಗೆ.

ಆದ್ದರಿಂದ ಇಂದು ವೈದ್ಯರು ಮೊದಲು ನಂಬುವುದು ಕೈಚಳಕವನ್ನು. ಅಂಗಾಂಶದ ದಪ್ಪಕ್ಕೆ ಸರಿಹೊಂದುವ ಪಿನ್ನನ್ನು ಆರಿಸುವುದು, ಒಸರುವ ಜಾಗಕ್ಕೆ ಕ್ಲಿಪ್ಪು ಹಾಕುವುದು, ಸಾಲಿನ ಮೇಲೆ ಇನ್ನೊಂದು ಹೊಲಿಗೆ ಹಾಕುವುದು, ಮುಗಿಸುವ ಮೊದಲು ರಕ್ತದೊತ್ತಡವನ್ನು ತುಸು ಏರಿಸಿ ಎಲ್ಲಿಯಾದರೂ ಸೋರುತ್ತಿದೆಯೇ ಎಂದು ನೋಡುವುದು. ಟ್ರಾನೆಕ್ಸಾಮಿಕ್ ಆಮ್ಲ ಇವುಗಳ ಬದಲಿಗಲ್ಲ, ಜೊತೆಗೆ. ನಂತರ ರಕ್ತಸ್ರಾವ ಕಂಡರೆ ಹೆಪಾರಿನ್ ನಿಲ್ಲಿಸುತ್ತಾರೆ, ದ್ರವ ಮತ್ತು ರಕ್ತ ಕೊಡುತ್ತಾರೆ, ಅಗತ್ಯವಿದ್ದರೆ ಈ ಔಷಧಿಯನ್ನೂ ಕೊಡುತ್ತಾರೆ. ಬಹಳಷ್ಟು ಸೋರಿಕೆಗಳು ಇಷ್ಟಕ್ಕೇ ನಿಲ್ಲುತ್ತವೆ. ನಿಲ್ಲದಿದ್ದರೆ ಎಂಡೋಸ್ಕೋಪು ಅಥವಾ ಮತ್ತೊಮ್ಮೆ ಆಪರೇಷನ್. ರಕ್ತ ಧಾರೆಯಾಗಿ ಸುರಿಯುತ್ತಿರುವಾಗ ಔಷಧಿಯನ್ನು ನಂಬಿ ಕಾಯುವುದು ತರವಲ್ಲ.

ಮನೆಯವರ ಪಾಲಿನ ಕೆಲಸ

ಇದೆಲ್ಲ ವೈದ್ಯರ ವಿಷಯ, ನಮಗೇಕೆ ಎನ್ನುವಂತಿಲ್ಲ. ರೋಗಿಯ ಮನೆಯವರ ಕೈಯಲ್ಲೂ ಕೆಲವು ಕೆಲಸಗಳಿವೆ. ಮೊದಲನೆಯದು, ಏನನ್ನೂ ಮುಚ್ಚಿಡದೆ ಹೇಳುವುದು. ಹೃದಯಕ್ಕೆಂದು ತೆಗೆದುಕೊಳ್ಳುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಮೈಕೈ ನೋವಿಗೆ ಅಂಗಡಿಯಲ್ಲಿ ಕೊಂಡ ಗುಳಿಗೆ, ನಾಟಿ ಔಷಧಿ ಎಲ್ಲವೂ ಆ ಪಟ್ಟಿಯಲ್ಲಿರಬೇಕು. ಹಾಗೆಂದು ವೈದ್ಯರನ್ನು ಕೇಳದೆ ಆಸ್ಪಿರಿನ್ ನಿಲ್ಲಿಸುವುದೂ ತಪ್ಪು. ಹಿಂದೆ ಕಾಲಿನಲ್ಲಿ ಗರಣೆ ಕಟ್ಟಿತ್ತೇ, ಪಾರ್ಶ್ವವಾಯು ಆಗಿತ್ತೇ, ಫಿಟ್ಸ್ ಬರುತ್ತಿತ್ತೇ, ಮೂತ್ರಪಿಂಡದ ತೊಂದರೆಯಿದೆಯೇ ಎಂಬುದನ್ನೂ ತಿಳಿಸಬೇಕು. ಟ್ರಾನೆಕ್ಸಾಮಿಕ್ ಆಮ್ಲ ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಅವು ಸೋತಿದ್ದರೆ ಪ್ರಮಾಣ ತಗ್ಗಿಸಬೇಕು. ಪ್ರಮಾಣ ಮಿತಿಮೀರಿದರೆ ಫಿಟ್ಸ್ ಬರುವ ಸಾಧ್ಯತೆಯಿದೆ.

ಎರಡನೆಯದು, ನಡೆಸುವುದು. ಆಪರೇಷನ್ ಆಗಿದೆ, ಪಾಪ, ಮಲಗಿರಲಿ ಎಂಬ ಕರುಣೆ ಇಲ್ಲಿ ಅಪಾಯಕಾರಿ. ವೈದ್ಯರು ಹೇಳಿದೊಡನೆ ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮೀನಖಂಡದ ಸ್ನಾಯುಗಳು ಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಗರಣೆಯನ್ನು ದೂರವಿಡುವ ಖರ್ಚಿಲ್ಲದ ಮದ್ದು ಅದು.

ಮೂರನೆಯದು, ಕಣ್ಣಿಟ್ಟಿರುವುದು. ಮನೆಗೆ ಬಂದ ಮೇಲೆ ತಲೆಸುತ್ತು, ಎದೆಬಡಿತದ ಏರಿಕೆ, ರಕ್ತದ ವಾಂತಿ, ಡಾಂಬರಿನಂತೆ ಕಪ್ಪಾದ ಮಲ ಇವು ಒಳಗಿನ ಸೋರಿಕೆಯ ಸೂಚನೆಗಳು. ಒಂದೇ ಕಾಲಿನ ಊತ ಮತ್ತು ನೋವು, ಇದ್ದಕ್ಕಿದ್ದಂತೆ ಉಬ್ಬಸ, ಎದೆನೋವು ಇವು ಗರಣೆಯ ಸೂಚನೆಗಳು. ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಮುಟ್ಟಿನ ಅತಿಸ್ರಾವಕ್ಕೆಂದು ಮನೆಯಲ್ಲಿ ಉಳಿದಿರುವ ಟ್ರಾನೆಕ್ಸಾಮಿಕ್ ಗುಳಿಗೆಯನ್ನು ನುಂಗಿಸಿ ನೋಡೋಣ ಎನ್ನುವುದು ಸಲ್ಲದು.

ಆಪರೇಷನ್ನಿಗೆ ಮುಂಚೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಬಹುದಾದ ಪ್ರಶ್ನೆಯೊಂದಿದೆ: ಈ ರೋಗಿಗೆ ಸೋರುವ ಭಯ ಹೆಚ್ಚೋ, ಕಟ್ಟುವ ಭಯ ಹೆಚ್ಚೋ? ಎಲ್ಲರಿಗೂ ಹೊಂದುವ ಒಂದೇ ಉತ್ತರ ಅದಕ್ಕಿಲ್ಲ. ಆದರೆ ಆ ಪ್ರಶ್ನೆಗೆ ಕುಳಿತು ಉತ್ತರಿಸುವ ವೈದ್ಯರ ಕೈಯಲ್ಲಿ ರೋಗಿ ಕ್ಷೇಮವಾಗಿರುತ್ತಾನೆಂದು ಮನೆಯವರು ಧೈರ್ಯ ತಂದುಕೊಳ್ಳಬಹುದು.